ನನ್ನ ಎಲೆಯಲ್ಲಿ ನೀರಿಲ್ಲ

15 ಆಗಸ್ಟ್ 1999, ಭಾನುವಾರ

ಭಾರತ ದೇಶದಲ್ಲಿ ನಾನು ಕಟ್ಟದ ಸೇತುವೆ ಒಂದೂ ಇಲ್ಲ.

ಈ ಮಾತನ್ನು ಇವತ್ತು ಕಟ್ಟಬೆಟ್ಟಿನ ಶಾಲೆಯಲ್ಲಿ ಬಾವುಟ ಹಾರಿಸಿದ ಮೇಲೆ ಮಕ್ಕಳ ಮುಂದೆ ಹೇಳಿದೆ. ಕಾರ್ಗಿಲ್ ಯುದ್ಧ ಮುಗಿದು ತಿಂಗಳೂ ಆಗಿಲ್ಲ, ಮಾಜಿ ಸೈನಿಕನಿಗೆ ಈಗ ಒಳ್ಳೆಯ ಗಿರಾಕಿ. ಹಣೆಗೆ ಮೂರು ಪಟ್ಟೆ ವಿಭೂತಿ, ಎದೆಗೆ ಮೂರು ಪದಕ. "ಹೌರಾ ಸೇತುವೆನೂ ನೀವೇನಾ ತಾತಾ?" ಎಂದು ಒಂದು ಪುಟ್ಟ ಹುಡುಗಿ ಕೇಳಿತು. ನಾನೇ ಎಂದೆ. ತಾತಾ ಎಂದದ್ದಕ್ಕೆ ಸ್ವಲ್ಪ ಬೇಜಾರಾಯಿತು.

ಹಾದಿಯಲ್ಲಿ ಗೀತಾಂಜಲಿ ಹಿಡಿದುಕೊಂಡಳು. ಇವಳು ನನ್ನ ಹೆಂಡತಿಯ ತಮ್ಮನ ಮಗಳು, ನಮ್ಮ ಮನೆಯಲ್ಲಿದ್ದುಕೊಂಡು ಊಟಿಯಲ್ಲಿ ಡಿಪ್ಲೊಮಾ ಓದುತ್ತಾಳೆ. "ಮಾವ, ಅದನ್ನ ಕಟ್ಟಿದಾಗ ನೀವಿನ್ನೂ ಹುಟ್ಟೇ ಇರ್ನಿಲ್ಲ." ಓದಿದ ಹೆಣ್ಣುಮಗಳನ್ನು ಮನೆಯಲ್ಲಿಟ್ಟುಕೊಳ್ಳಬಾರದು. "ಕಟ್ಟೋದಕ್ಕೂ ಹುಟ್ಟೋದಕ್ಕೂ ಏನವ್ವ ಸಂಬಂಧ?" ಎಂದು ಜೋರಾಗಿ ಹೆಜ್ಜೆ ಹಾಕಿದೆ.

ಮನೆಯಲ್ಲಿ ಸಿದ್ದಾಜಮ್ಮ ಬಾಗಿಲಲ್ಲೇ ಕೂತಿದ್ದಳು. ಬಲಗೈಯಿಂದ ಲೋಟ ಜಾರಿ ಕಾಫಿಯೆಲ್ಲ ನೆಲಕ್ಕೆ ಹೋಗಿತ್ತು. ಈ ವಾರ ಇದು ನಾಲ್ಕನೆಯ ಲೋಟ. ನಿನ್ನೆ ಕೋಟಗಿರಿಯ ಡಾಕ್ಟರು ಕತ್ತಿನ ಫೋಟೋ ನೋಡಿ ಹೇಳಿದ್ದಾರೆ: ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಒಂದು ಕೊಡವನ್ನೂ ಹೊರಬಾರದು, ಹೊತ್ತರೆ ಆ ಕೈ ವಾಪಸ್ಸು ಬರುವುದಿಲ್ಲ.

ನಮ್ಮದು ಒಂದೂಕಾಲು ಎಕರೆ ಚಹಾ ತೋಟ, ಹಳ್ಳದ ತಳದಲ್ಲಿ. ರಸ್ತೆ ಇರುವುದು ಮೇಲೆ. ನಡುವೆ ಇನ್ನೂರ ಹನ್ನೆರಡು ಮಣ್ಣಿನ ಮೆಟ್ಟಿಲು. ಕಿತ್ತ ಎಲೆ ಮಧ್ಯಾಹ್ನ ಮೂರರೊಳಗೆ ರಸ್ತೆಯ ಶೆಡ್ಡಿಗೆ ಬರಬೇಕು. ತಪ್ಪಿದರೆ ಫ್ಯಾಕ್ಟರಿಯ ಲಾರಿ ಹೋಯಿತು, ಎಲೆ ಚೀಲದಲ್ಲೇ ಬೆಂದು ಕೆಂಪಾಯಿತು. ಹದಿನೇಳು ವರ್ಷದಿಂದ ಅದು ಬಂದಿರುವುದು ಸಿದ್ದಾಜಮ್ಮನ ತಲೆಯ ಮೇಲೆ. ಗಿಡಗಳನ್ನು ನೆಟ್ಟದ್ದೂ ಅವಳೇ. ಆಗ ನಾನು ಸಿಕ್ಕಿಮಿನಲ್ಲಿದ್ದೆ, ದೇಶಕ್ಕೆ ನನ್ನ ಅಗತ್ಯ ಬಹಳವಿತ್ತು.

"ತೋಟವ ಪಕ್ಕದ ಕೃಷ್ಣಣ್ಣಂಗೆ ಗುತ್ತಿಗೆ ಕೊಟ್ಬುಡವ," ಎಂದಳು, ಗೋಡೆಯ ಕಡೆ ಮುಖ ಮಾಡಿ. ಎಲೆಯ ಬೆಲೆ ಇಳಿದು ಹೋಗಿರುವಾಗ ಹೊರುವ ಆಳಿಗೆ ಕೂಲಿ ಕೊಟ್ಟರೆ ನಮಗೆ ಚೀಲ ಮಾತ್ರ ಉಳಿಯುತ್ತದೆ, ಅದು ನಿಜ. ನಾನು ಹೊರುವುದು? ಎಂಜಿನಿಯರ್ ಆದವನು ಹೊರುವುದಿಲ್ಲ, ಹೊರಿಸುತ್ತಾನೆ.

"ದೀಪಾವಳಿ ತನಕ ಟೈಮ್ ಕೊಡು. ತಲೆಯೇ ಬೇಕಾಗದ ಹಾಗೆ ಮಾಡ್ತೀನಿ," ಎಂದೆ.

"ತಲೆ ಇಲ್ದೆ ಮಾಡದ್ರಲ್ಲಿ ನಿಮ್ಮ ಮೀರ್ಸೋರು ಯಾರವ್ರ, ಬುಡಿ."

17 ಆಗಸ್ಟ್, ಮಂಗಳವಾರ

ಬೆಳಗಿನ ಲಿಂಗಪೂಜೆಯಲ್ಲಿ ಉಪಾಯ ಹೊಳೆಯಿತು. ಅಂಗೈಯಲ್ಲಿ ಲಿಂಗ ಹಿಡಿದು ನೋಡುತ್ತಿದ್ದೆ. ಮನಸ್ಸು ನಿಲ್ಲಿಸಬೇಕಾದ ಜಾಗದಲ್ಲಿ ರಾಟೆ ಕಂಡಿತು. ಶಿವ ನನ್ನ ಕಮಾಂಡಿಂಗ್ ಆಫೀಸರು, ಆರ್ಡರು ಯಾವ ರೂಪದಲ್ಲಾದರೂ ಬರಬಹುದು.

ರಸ್ತೆಯ ಪಕ್ಕದ ಸಿಲ್ವರ್ ಓಕ್ ಮರದಿಂದ ಹಳ್ಳದ ತಳಕ್ಕೆ ಎರಡು ಉಕ್ಕಿನ ತಂತಿ. ಒಂದರಲ್ಲಿ ಎಲೆಯ ತೊಟ್ಟಿಲು, ಇನ್ನೊಂದರಲ್ಲಿ ಕಲ್ಲಿನ ತೊಟ್ಟಿಲು. ಎರಡಕ್ಕೂ ಒಂದೇ ಹಗ್ಗ, ಮೇಲೆ ರಾಟೆ. ಕಲ್ಲು ಕೆಳಗಿಳಿದರೆ ಎಲೆ ತಾನಾಗಿ ಮೇಲೆ ಬರುತ್ತದೆ. ಕರೆಂಟು ಬೇಡ, ಡೀಸೆಲ್ ಬೇಡ.

ಪಕ್ಕದ ತೋಟದ ಕೃಷ್ಣನ್‌ಗೆ ಬೇಲಿಯ ಹತ್ತಿರ ನಿಂತು ವಿವರಿಸಿದೆ. ಈ ಬೆಟ್ಟದ ಬಡಗರವನು, ಒಳ್ಳೆಯವನು, ಆದರೆ ಕೇಳುವ ಪ್ರಶ್ನೆ ಒಳ್ಳೆಯದಲ್ಲ.

"ಹವಾಲ್ದಾರಣ್ಣಾ, ಕಲ್ಲು ಕೆಳಗೆ ಹೋಯಿತು. ನಾಳೆ ಎಲೆ ತರಬೇಕಾದರೆ ಕಲ್ಲು ಮೇಲಿರಬೇಕಲ್ಲ? ಅದನ್ನ ಹೊತ್ತು ತರೋರು ಯಾರು?"

"ನಿನಗೆ ಹೊಳೆಯುತ್ತಾ ಅಂತ ಪರೀಕ್ಷೆ ಮಾಡಿದೆ," ಎಂದು ಮನೆಗೆ ಬಂದೆ. ಸಂಜೆಯವರೆಗೆ ಊಟ ಸೇರಲಿಲ್ಲ.

18 ಆಗಸ್ಟ್, ಬುಧವಾರ

ನೀರು! ಕಲ್ಲಿನ ಬದಲು ನೀರಿನ ಡ್ರಮ್ಮು. ರಸ್ತೆಯ ಬದಿ ಊಟೆಯ ನೀರು ಹಗಲೂ ರಾತ್ರಿ ಸುಮ್ಮನೆ ಹರಿಯುತ್ತದೆ. ಮೇಲೆ ತುಂಬಿಸುವುದು, ಕೆಳಗೆ ಚೆಲ್ಲುವುದು, ಖಾಲಿ ಡ್ರಮ್ಮನ್ನು ಎಳೆದುಕೊಳ್ಳುವುದು. ಕೃಷ್ಣನ್‌ಗೆ ಹೇಳಿದೆ. ಐದು ನಿಮಿಷ ಯೋಚಿಸಿದ, ತಪ್ಪು ಸಿಗಲಿಲ್ಲ. ಆ ಐದು ನಿಮಿಷ ನನ್ನ ಸರ್ವೀಸಿನ ಇಪ್ಪತ್ತನಾಲ್ಕು ವರ್ಷಕ್ಕೆ ಸಮ.

21 ಆಗಸ್ಟ್, ಶನಿವಾರ

ಇಳಿಜಾರನ್ನು ಅಳೆಯಬೇಕಿತ್ತು. ಬರಿಗೈಯಲ್ಲಿ ಹತ್ತಿದರೆ ಭಾರದ ಸ್ವಭಾವ ತಿಳಿಯುವುದಿಲ್ಲ, ಆದ್ದರಿಂದ ಒಂದು ಎಲೆಚೀಲ ಹೆಗಲಿಗೆ ಹಾಕಿಕೊಂಡೆ. ಹೇಗೂ ಶೆಡ್ಡಿಗೆ ಹೋಗಬೇಕಿದ್ದ ಚೀಲ. ದಾರಿಯಲ್ಲಿ ಹದಿನಾಲ್ಕು ಸಲ ನಿಂತೆ: ಹದಿಮೂರು ಸಲ ಅಳತೆ ಬರೆದುಕೊಳ್ಳಲು, ಒಂದು ಸಲ ದಣಿವಿಗೆ. ಬರೆದುಕೊಂಡ ಚೀಟಿ ಈಗ ನೋಡಿದರೆ ಬರೀ "ಶಿವಶಿವಾ" ಎಂದಿದೆ.

ನಮ್ಮಲ್ಲಿ ಎಲೆ ಕೀಳಲು ಬರುವ ನಂಜಿ ತನ್ನ ಚೀಲ ತಲೆಯ ಮೇಲಿಟ್ಟು, ಎಲೆಅಡಿಕೆ ಅಗಿಯುತ್ತಾ ನನ್ನ ಪಕ್ಕದಲ್ಲೇ ದಾಟಿಹೋದಳು. "ಮಿಲ್ಟ್ರಿಯಲ್ಲಿ ಹೀಂಗೇ ನಡ್ದಿದ್ರೆ ಯುದ್ಧ ಇನ್ನೂ ಮುಗೀತಿರ್ಲಿಲ್ಲ," ಎಂದಳು.

2 ಸೆಪ್ಟೆಂಬರ್, ಗುರುವಾರ

ಕೊಯಮತ್ತೂರಿನ ಗುಜರಿ ಬೀದಿಗೆ ಹೋಗಿ ಬಂದೆ. ಉಕ್ಕಿನ ಹಗ್ಗ, ರಾಟೆ, ಬ್ರೇಕಿಗೆಂದು ಒಂದು ಹಳೆ ಜೀಪಿನ ಚಕ್ರ. ಅಂಗಡಿಯವನು ನನ್ನ ಪದಕಗಳನ್ನು ನೋಡಿ "ಮಿಲಿಟರಿ ಸಾರ್‌ಗೆ ಸ್ಪೆಷಲ್ ರೇಟು" ಎಂದ. ಸ್ಪೆಷಲ್ ಎಂದರೆ ಹೆಚ್ಚು ಎಂದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು.

ಸಿದ್ದಾಜಮ್ಮನಿಗೆ ಐದು ಸಾವಿರ ಎಂದೆ. ಈ ಪುಸ್ತಕಕ್ಕೆ ಹತ್ತು ಎಂದು ಹೇಳುತ್ತಿದ್ದೇನೆ. ಮಿಕ್ಕಿದ್ದು ಶಿವನಿಗೆ ಗೊತ್ತು, ಅವನು ಕೇಳಿಲ್ಲ.

13 ಸೆಪ್ಟೆಂಬರ್, ಸೋಮವಾರ, ಗಣೇಶನ ಹಬ್ಬ

ಕಡುಬು ತಿಂದು ಭಾರದ ಲೆಕ್ಕಕ್ಕೆ ಕೂತೆ. ಬೇಗೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕೂಡುವುದು ಕಲಿತಿದ್ದೇನೆ, ಕಳೆಯುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ಚೀಲಕ್ಕೆ ಮೂವತ್ತು ಕಿಲೋದಂತೆ ನಾಲ್ಕು ಚೀಲ, ನೂರ ಇಪ್ಪತ್ತು. ತೊಟ್ಟಿಲು ಇಪ್ಪತ್ತು. ಒಟ್ಟು ನೂರ ನಲವತ್ತು. ಡ್ರಮ್ಮಿಗೆ ನೂರೈವತ್ತು ಲೀಟರಿನ ಗುರುತಿನ ತನಕ ನೀರು ತುಂಬಿದರೆ ಡ್ರಮ್ಮು ಸೇರಿ ನೂರ ಎಪ್ಪತ್ತು. ಡ್ರಮ್ಮು ಇಳಿಯುತ್ತದೆ, ಎಲೆ ಏರುತ್ತದೆ, ಈ ಗುರುಮಲ್ಲಪ್ಪನ ಹೆಸರು ಉಳಿಯುತ್ತದೆ.

ಗೀತಾಂಜಲಿ ಹೆಗಲ ಮೇಲಿಂದ ಇಣುಕಿದಳು. "ಮಾವ, ಐಪ್ಪಸಿ ತಿಂಗಳ ಮಳೇಲಿ ಎಲೆ ಒದ್ದೆ ಆದ್ರೆ? ಚೀಲ ನಲವತ್ತು ಮುಟ್ತದ."

ಇಲ್ಲಿ ಒಂದು ವಿಷಯ ಇದೆ. ಶೆಡ್ಡಿನಲ್ಲಿ ಎಲೆ ತೂಗುವ ಏಜೆಂಟ್ ಜಯರಾಮನ್ ಮಳೆ ಬಂದ ದಿನ ತೂಕದಲ್ಲಿ ನೀರಿಗೆಂದು ಹಿಡಿಯುತ್ತಾನೆ. "ಎಲೆಯಲ್ಲಿ ತಣ್ಣಿ ಸಾರ್, ನೂರಕ್ಕೆ ಹದಿನೈದು ಹೋಗುತ್ತೆ." ನಾನು ನಿವೃತ್ತನಾಗಿ ಬಂದ ವರ್ಷ ಅವನ ಮುಂದೆ ಕೊರಳಿನ ಲಿಂಗ ಹಿಡಿದು ಆಣೆ ಇಟ್ಟೆ: ನನ್ನ ಎಲೆಯಲ್ಲಿ ನೀರಿಲ್ಲ. ಲಿಂಗ ಮುಟ್ಟಿದ್ದಕ್ಕೆ ಅವನು ಹೆದರಿ ಹತ್ತಕ್ಕೆ ಇಳಿದ. ಅಂದಿನಿಂದ ಆರು ವರ್ಷ, ಜಡಿಮಳೆಯಲ್ಲೂ, ಚೀಲದ ತಳದಿಂದ ತೊಟ್ಟಿಕ್ಕುತ್ತಿರುವಾಗಲೂ ಅದೇ ಆಣೆ. ಈಗ ನನ್ನ ಕೈಯಾರೆ ಲೆಕ್ಕದಲ್ಲಿ ನೀರು ಬರೆದರೆ?

"ನಮ್ಮ ಎಲೆಯಲ್ಲಿ ನೀರಿರಲ್ಲ ಕಣವ್ವ," ಎಂದೆ.

"ಇದು ಜಯರಾಮನ್ ಅಲ್ಲ ಮಾವ, ರಾಟೆ. ಅದಕ್ಕೆ ಆಣೆ ಗೊತ್ತಾಗಲ್ಲ."

ಓದಿದ ಹೆಣ್ಣುಮಗಳ ವಿಷಯ ಮೊದಲೇ ಬರೆದಿದ್ದೇನೆ.

26 ಸೆಪ್ಟೆಂಬರ್, ಭಾನುವಾರ

ಕೆಳಗೆ ಸಿಮೆಂಟು ಹಾಕಿ ತಂತಿ ಬಿಗಿದಾಯಿತು. ಅಂಗೈ ತುಂಬ ಬೊಬ್ಬೆ. ಬೆಳಗ್ಗೆ ಲಿಂಗ ಬೊಬ್ಬೆಯ ಮೇಲೆ ಕೂತಿತು. ಎಲೆ ಎರಡು ಚೀಲ ಹೊತ್ತೆ, ಹಾದಿಯಲ್ಲಿ ತಂತಿಯ ಜೋಲು ನೋಡಬೇಕಿತ್ತು. ಏಳು ಸಲ ನಿಂತೆ.

ಯಾರೂ ಓದದ ಪುಸ್ತಕ ಇದು, ಆದ್ದರಿಂದ ಬರೆಯುತ್ತೇನೆ. ಸೈನ್ಯದಲ್ಲಿ ನಾನು ಎಂಜಿನಿಯರ್ ದಳದ ಸ್ಟೋರಿನಲ್ಲಿದ್ದೆ. ಸೇತುವೆಯ ಪಿನ್ನುಗಳನ್ನು ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಒಂದು ಪಿನ್ನೂ ಕಳೆದಿಲ್ಲ. ಪಿನ್ನಿಲ್ಲದೆ ಸೇತುವೆ ನಿಲ್ಲುವುದಿಲ್ಲ, ಆದ್ದರಿಂದ ಸೇತುವೆ ಕಟ್ಟಿದವನು ನಾನೇ. ಈ ವಾದದಲ್ಲಿ ಎಲ್ಲೋ ಒಂದು ಪಿನ್ನು ಸಡಿಲವಿದೆ.

5 ಅಕ್ಟೋಬರ್, ಮಂಗಳವಾರ

ಮೂರು ಚೀಲ. ಹೆಗಲಿಗಿಂತ ತಲೆ ವಾಸಿ ಎಂದು ನಂಜಿ ಸಿಂಬೆ ಸುತ್ತುವುದು ತೋರಿಸಿಕೊಟ್ಟಳು. ನನ್ನ ಮಿಲಿಟರಿ ಮಫ್ಲರು ಸಿಂಬೆಗೆ ಹೇಳಿ ಮಾಡಿಸಿದ ಹಾಗಿದೆ. ಇದೆಲ್ಲ ರೋಪ್‌ವೇ ಓಡುವ ತನಕ.

ಸಿದ್ದಾಜಮ್ಮ ಇವತ್ತು ಲೋಟ ಬೀಳಿಸಲಿಲ್ಲ. ಪೂಜೆಯಲ್ಲಿ ರಾಟೆಗೆಂದು ಕೇಳಲು ಕೂತವನು ಅವಳ ಕೈಗೆಂದು ಕೇಳಿ ಎದ್ದುಬಿಟ್ಟೆ. ರಾಟೆಗೆ ನಾಳೆ ಕೇಳಬೇಕು.

11 ಅಕ್ಟೋಬರ್, ಸೋಮವಾರ

ಮಳೆ ಹಿಡಿಯಿತು. ಮೂರು ಚೀಲ. ಮೆಟ್ಟಿಲು ಜಾರುತ್ತದೆ. ಯಾಕೋ ಚೀಲಗಳು ಭಾರ.

19 ಅಕ್ಟೋಬರ್, ಮಂಗಳವಾರ, ವಿಜಯದಶಮಿ

ಬರೆಯಬಾರದು ಎಂದುಕೊಂಡೆ. ನಿದ್ದೆ ಬರುತ್ತಿಲ್ಲ.

ರಾಟೆಗೆ ಚಂದನ, ಡ್ರಮ್ಮಿಗೆ ವಿಭೂತಿ, ಮರಕ್ಕೆ ಬಾಳೆಕಂದು. ರಸ್ತೆಯಲ್ಲಿ ಮೂವತ್ತು ಜನ. ಕೃಷ್ಣನ್ ಬಿಳಿ ಮುಂಡಾಸು ಸುತ್ತಿ ಬಂದಿದ್ದ. ಜಯರಾಮನ್ ತಕ್ಕಡಿ ಬಿಟ್ಟು ಮುಂದೆ ನಿಂತಿದ್ದ. ಸಿದ್ದಾಜಮ್ಮ ಕೆಳಗೆ, ತೋಟದಲ್ಲಿ. ನಾಲ್ಕು ಚೀಲ ತೊಟ್ಟಿಲಿಗೆ ಹಾಕಿಸಿ ಕೈ ಬೀಸಬೇಕಾದವಳು ಅವಳು. ಮೂರು ದಿನದಿಂದ ಬಿಡದ ಮಳೆ ಬೆಳಗ್ಗೆ ಮಾತ್ರ ನಿಂತಿತ್ತು. ಶಿವನ ಕೃಪೆ ಎಂದು ಎಲ್ಲರಿಗೂ ಹೇಳಿದೆ.

ಡ್ರಮ್ಮಿಗೆ ಗುರುತಿನ ತನಕ ನೀರು ತುಂಬಿಸಿ, ಕಾಯಿ ಒಡೆದು, ಬ್ರೇಕು ಬಿಟ್ಟೆ. ಡ್ರಮ್ಮು ಒಂದು ಗೇಣು ಇಳಿದು ನಿಂತಿತು.

"ಸಾರ್, ಎಲೆಯಲ್ಲಿ ತಣ್ಣಿ ಸಾರ್. ಅದಕ್ಕೇ ತೂಕ," ಎಂದ ಜಯರಾಮನ್. ಅವನ ದನಿಯಲ್ಲಿ ಆರು ವರ್ಷದ ಸಂತೋಷವಿತ್ತು.

ನಂಜಿ ಬೆಳಗ್ಗೆ ತಲೆಯ ಮೇಲೆ ತಂದ ಒಂದು ಚೀಲ ಶೆಡ್ಡಿನಲ್ಲಿತ್ತು. ಗೀತಾಂಜಲಿ ಅದನ್ನು ತಕ್ಕಡಿಯ ಹತ್ತಿರ ಎಳೆದಳು. "ಮಾವ, ಇದೊಂದ ತೂಗ್ಬುಟ್ಟು, ಅಷ್ಟಕ್ಕೆ ಸರಿಯಾಗಿ ನೀರು ಹಾಕವ. ಒಂದು ನಿಮಿಷದ ಕೆಲ್ಸ."

ಒಂದು ನಿಮಿಷದ ಕೆಲಸವೇ. ಆದರೆ ಮೂವತ್ತು ಜನರ ಮುಂದೆ ಆ ಚೀಲ ನಲವತ್ತು ತೂಗಿದರೆ ನನ್ನ ಆಣೆ ಏನಾಗಬೇಕು? ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು. "ನನ್ನ ಎಲೆಯಲ್ಲಿ ನೀರಿಲ್ಲ! ರಾಟೆ ಹೊಸದು, ಬಿಗಿ ಇದೆ, ಅಷ್ಟೆ," ಎಂದೆ. ಗ್ರೀಸು ಬಳಿದೆ. ಡ್ರಮ್ಮನ್ನು ಕಂಠದ ತನಕ ತುಂಬಿಸಿದೆ.

ಈಗ ಅದು ಇಳಿಯಿತು. ಮೊದಲ ಇಪ್ಪತ್ತು ಅಡಿ ದಸರಾ ಆನೆಯ ಹಾಗೆ. ಜನ ಚಪ್ಪಾಳೆ ತಟ್ಟಿದರು, ನಾನು ಸೆಲ್ಯೂಟ್ ಹೊಡೆದೆ. ಸೆಲ್ಯೂಟಿನಿಂದ ಕೈ ಇಳಿಸುವಷ್ಟರಲ್ಲಿ ಆನೆ ಓಡತೊಡಗಿತ್ತು. ಬ್ರೇಕಿನ ಮರದ ತುಂಡು ಒದ್ದೆಯಾಗಿ ಚಕ್ರದ ಮೇಲೆ ಸಾಬೂನಿನ ಹಾಗೆ ಜಾರಿತು. ಎಲೆಯ ತೊಟ್ಟಿಲು ಮಂಜಿನೊಳಗಿಂದ ಚಿಮ್ಮಿಬಂತು. ನಮ್ಮ ಬೆಟ್ಟದ ರೈಲು ಹುಟ್ಟಿದಂದಿನಿಂದ ಅಷ್ಟು ಜೋರಾಗಿ ಹತ್ತಿಲ್ಲ. ಮರಕ್ಕೆ ಬಡಿದು ನಾಲ್ಕು ಚೀಲವೂ ಸಿಡಿದವು. ಜಯರಾಮನ್ ತಲೆಯಿಂದ ಕಾಲಿನವರೆಗೆ ಎಲೆ. ಆ ಎಲೆಯಿಂದ ನೀರು ಅವನ ಕಾಲರಿನೊಳಗೆ ಇಳಿಯುತ್ತಿರುವುದನ್ನು ಮೂವತ್ತು ಜನ ನೋಡಿದರು. ಆರು ವರ್ಷದ ವಾದ ಅಲ್ಲೇ ತೀರ್ಮಾನವಾಯಿತು.

ಕೆಳಗಿಂದ ಒಂದು ಶಬ್ದ ಬಂತು. ಗುಂಡಿನ ಶಬ್ದ ಕೇಳಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕೇಳಿರಲಿಲ್ಲ. ಇವತ್ತು ಕೇಳಿದೆ.

ಇನ್ನೂರ ಹನ್ನೆರಡು ಮೆಟ್ಟಿಲನ್ನು ಹೇಗೆ ಇಳಿದೆನೋ ತಿಳಿಯದು. "ಸಿದ್ದಾಜೀ" ಎಂದು ಕೂಗುತ್ತಿದ್ದೆನಂತೆ, ಮದುವೆಯಾದ ಹೊಸದರಲ್ಲಿ ಬಿಟ್ಟರೆ ಆ ಹೆಸರು ಕೂಗಿಲ್ಲ. ಒಂದು ಚಪ್ಪಲಿ ಎಲ್ಲಿ ಹೋಯಿತೋ. ಡ್ರಮ್ಮು ಚಪ್ಪಟೆಯಾಗಿ ಹಳ್ಳದಲ್ಲಿ ಬಿದ್ದಿತ್ತು. ಅದು ಉರುಳಿದ ದಾರಿಯಲ್ಲಿ ಗಿಡಗಳು ಮುರಿದು ಮಲಗಿದ್ದವು. ಅವಳು ನಿಲ್ಲಬೇಕಾದ ಜಾಗದಲ್ಲಿ ಅವಳಿರಲಿಲ್ಲ.

ಬಂಡೆಯ ಹಿಂದಿನಿಂದ ಬಂದಳು, ಸೆರಗು ಕೊಡವುತ್ತಾ.

"ನಿಮ್ಮ ಯಂತ್ರ ಅಂತ ಗೊತ್ತಿತ್ತಲ್ಲ. ಅದ್ಕೇ ಕೈ ಬೀಸಿದೋಳೆ ಬಂಡೆ ಹಿಂದ್ಕ ಹೋಗಿ ನಿಂತ್ಕಂಡಿದ್ದಿ."

ನಾನು ಅಲ್ಲೇ ಕೆಸರಲ್ಲಿ ಕೂತುಬಿಟ್ಟೆ. ಅವಳು ಬಿದ್ದ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಇಪ್ಪತ್ತೇಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಇತ್ತು ನನ್ನ ಹತ್ತಿರ.

20 ಅಕ್ಟೋಬರ್, ಬುಧವಾರ

ಎರಡು ಚೀಲ.

24 ಅಕ್ಟೋಬರ್, ಭಾನುವಾರ

ಮೂರು ಚೀಲ. ಜಯರಾಮನ್ ತೂಗಿದ, ಪೆನ್ನು ಹಿಡಿದು ನನ್ನ ಮುಖ ನೋಡಿದ, ಆಣೆಗೆ ಕಾಯುತ್ತಾ.

"ಎಲೆ ಒದ್ದೆ ಇದೆ. ಎಷ್ಟು ಹಿಡೀಬೇಕೋ ಹಿಡಿ," ಎಂದೆ.

ಅವನು ಪೆನ್ನು ಕೆಳಗಿಟ್ಟ. "ಸಾರ್, ಮೈ ಸರಿ ಇಲ್ವಾ?"

ಮನೆಗೆ ಬಂದು ಮಾದಪ್ಪನಿಗೆ ತಪ್ಪುಕಾಣಿಕೆ ಕಟ್ಟಿಟ್ಟೆ. ಲಿಂಗ ಮುಟ್ಟಿ ಆರು ವರ್ಷ ಸುಳ್ಳು ಹೇಳಿದ್ದಕ್ಕೆ ಎಷ್ಟು ಇಡಬೇಕೆಂದು ಕೇಳಲು ಯಾರೂ ಇರಲಿಲ್ಲ. ಗಂಟು ಕಟ್ಟುವಾಗ ಗೀತಾಂಜಲಿ ನೋಡಿದಳು. ಕಾಫಿ ತಂದಿಟ್ಟಳು. ಓದಿದ ಹೆಣ್ಣುಮಗಳು ಮನೆಯಲ್ಲಿದ್ದರೆ ಅನುಕೂಲವೂ ಉಂಟು.

ಸಿದ್ದಾಜಮ್ಮ ಬಿದ್ದ ಗಿಡಗಳನ್ನು ಎಡಗೈಯಲ್ಲೇ ಕತ್ತಿ ಹಿಡಿದು ಬುಡದ ತನಕ ಸವರುತ್ತಿದ್ದಾಳೆ. "ಬೇರು ಅಲ್ಲಾಡಿಲ್ಲ, ಚಿಗುರ್ತವ," ಎನ್ನುತ್ತಾಳೆ. ಬೇರು ಅಲ್ಲಾಡಿದ ಎಂಟಕ್ಕೆ ಮಣ್ಣು ಏರಿಸಿದೆ. ಅವಳು ಹೇಳಿದ ಹಾಗೆ, ನಾನು ಯೋಚಿಸದೆ.

2 ನವೆಂಬರ್, ಮಂಗಳವಾರ

ಮೂರು. ಒಂದೇ ಸಲ ನಿಂತೆ, ಅದೂ ಕೃಷ್ಣನ್ ಕರೆದು ಮಾತಾಡಿಸಿದ್ದಕ್ಕೆ. ಗುತ್ತಿಗೆಯ ಕಾಗದ ಬರೆಸಿದ್ದಾನಂತೆ, ದೀಪಾವಳಿ ಮರುದಿನ ತರುತ್ತಾನಂತೆ. ಮಾತು ಕೊಟ್ಟವನು ನಾನೇ, ತಡೆಯುವುದು ಹೇಗೆ? ತಲೆಯ ಮೇಲೆ ಚೀಲವಿತ್ತು, ತಲೆ ಆಡಿಸಲೂ ಆಗಲಿಲ್ಲ.

ಅವಳು ಆ ತೋಟವಿಲ್ಲದೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾಳೆ? ಇದನ್ನು ಶಿವನಿಗೆ ಕೇಳಿದೆ. ಆಫೀಸರು ಸುಮ್ಮನಿದ್ದಾರೆ.

8 ನವೆಂಬರ್, ಸೋಮವಾರ

ಕೃಷ್ಣನ್ ಬಂದ, ಸ್ಟಾಂಪ್ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ. ನಾನು ಆಗತಾನೇ ಎರಡನೆಯ ಚೀಲ ಶೆಡ್ಡಿಗೆ ಇಳಿಸಿ, ಸಿಂಬೆ ತೆಗೆಯದೇ ಬಂದು ಜಗಲಿಯಲ್ಲಿ ಕೂತೆ. ರುಜು ಹಾಕುವ ಪೆನ್ನು ಹುಡುಕಲು ಎದ್ದೆ. ಎರಡು ಪೆನ್ನು ಕಣ್ಣ ಮುಂದೆಯೇ ಇದ್ದವು, ಇನ್ನೂ ಹುಡುಕಿದೆ.

ಸಿದ್ದಾಜಮ್ಮ ಒಳಗಿನಿಂದ ಕಾಫಿ ತಂದಳು. ಬಲಗೈಯಲ್ಲಿ.

"ಕೃಷ್ಣಣ್ಣ, ಬೇಜಾರ ಮಾಡ್ಕಬ್ಯಾಡಿ. ಗುತ್ತಿಗೆ ಕೊಡಲ್ಲ."

"ಯಾಕಕ್ಕಾ? ಎಲೆ ಮೇಲೆ ಬರಲ್ಲ ಅಂತ ನೀವೇ ಅಂದಿದ್ದು."

"ಬತ್ತಾ ಅದಲ್ಲ. ಆಗಸ್ಟಿಂದ ಈವತ್ತಿನ ಗಂಟ ಒಂದಿನವಾದ್ರೂ ನಮ್ಮ ಎಲೆ ಲಾರಿ ತಪ್ಪಿಸ್ಕಂಡದಾ? ಜಯರಾಮನ್ನ ಕೇಳಿ."

ಕೃಷ್ಣನ್ ಅವಳನ್ನು ನೋಡಿದ. ಆಮೇಲೆ ನನ್ನನ್ನು, ನನ್ನ ತಲೆಯ ಮೇಲಿನ ಮಫ್ಲರನ್ನು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಿ ಅಕ್ಕಾ, ಸರಿ. ಹವಾಲ್ದಾರಣ್ಣನ ರೋಪ್‌ವೇ ಚೆನ್ನಾಗೇ ಓಡ್ತಾ ಇದೆ. ನಾನೇ ನೋಡಿರಲಿಲ್ಲ."

ಅದು ಮುರಿದು ಬಿದ್ದು ಮೂರು ವಾರವಾಯಿತು. ಇವನ ಕಣ್ಣಿಗೆ ಏನಾಗಿದೆಯೋ. ಅವನು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಸಿದ್ದಾಜಮ್ಮನಿಗೆ ನನ್ನ ಯಂತ್ರದ ಮೇಲೆ ಇನ್ನೂ ನಂಬಿಕೆ ಇದೆ, ಅದಕ್ಕೇ ಹೀಗೆ ಮಾಡಿದಳು, ಬೇರೆ ಕಾರಣ ತೋಚುವುದಿಲ್ಲ. ಅದನ್ನು ಸರಿಮಾಡಬೇಕು. ಮಳೆ ಮುಗಿಯಲಿ. ಅಲ್ಲಿಯ ತನಕ ಹೇಗೋ ನಡೆಯುತ್ತಿದೆ.

10 ನವೆಂಬರ್, ಬುಧವಾರ

ಮೂರನೆಯ ಚೀಲ ಹೊತ್ತು ಹತ್ತುತ್ತಿದ್ದೆ. ಸಿದ್ದಾಜಮ್ಮ ಹಿಂದೆ, ಬರಿಗೈಯಲ್ಲಿ. ತೊಂಬತ್ತನೆಯ ಮೆಟ್ಟಿಲಿನ ಹತ್ತಿರ ಕೇಳಿದಳು:

"ಆ ತಂತಿಗೆ ದಿಟವಾಗಿ ಎಷ್ಟಾಯ್ತು?"

ಬಾಯಿಗೆ ಐದು ಸಾವಿರ ಬಂತು. ಆದರೆ ಐದು ಸಾವಿರ ಎಂದರೆ ಹಗ್ಗ ಎಲ್ಲಿಂದ, ಸಿಮೆಂಟು ಯಾರದು, ಪೋಸ್ಟಾಫೀಸಿನ ಪುಸ್ತಕ ಎಲ್ಲಿ ಎಂಬುದಕ್ಕೆಲ್ಲ ಒಂದೊಂದು ಕಥೆ ಬೇಕು. ತಲೆಯ ಮೇಲೆ ನಲವತ್ತು ಕಿಲೋ ಒದ್ದೆ ಎಲೆ ಇರುವಾಗ ಅಷ್ಟು ಉಸಿರು ಇರುವುದಿಲ್ಲ. ನಿಜಕ್ಕೆ ಸ್ವಲ್ಪ ಉಸಿರು ಸಾಕು. ಹೇಳಿಬಿಟ್ಟೆ. ನಾನು ನಿವೃತ್ತನಾದಾಗ ಬಂದದ್ದು, ಪೋಸ್ಟಾಫೀಸಿನಲ್ಲಿ ಇಬ್ಬರ ಹೆಸರಿನಲ್ಲಿ ಇಟ್ಟಿದ್ದ ಹಣ ಅದು. ರುಜು ಮಾತ್ರ ನನ್ನದೊಂದೇ ಸಾಕಾಗಿತ್ತು.

ಹಿಂದೆ ಹೆಜ್ಜೆಯ ಶಬ್ದ ನಿಂತಿತು. ನಾನೂ ನಿಂತೆ, ತಿರುಗಿ ನೋಡಲು ಚೀಲ ಬಿಡಲಿಲ್ಲ. ಮಂಜು ನಮ್ಮನ್ನು ದಾಟಿ ಹೋಯಿತು. ಕೆಳಗೆ ಹಳ್ಳದ ನೀರು ಕೇಳಿಸುತ್ತಿತ್ತು. ಆಮೇಲೆ ಹೆಜ್ಜೆ ಮತ್ತೆ ಶುರುವಾಯಿತು. ಹನ್ನೊಂದು ಮೆಟ್ಟಿಲು ಎಣಿಸಿದೆ.

"ಚೀಲ ಬಲಕ್ಕ ವಾಲ್ತಾ ಅದ," ಎಂದಳು. "ನೆಟ್ಟಗೆ ಹಿಡ್ಕಳಿ. ಬಿದ್ದೀರಿ."

ನೆಟ್ಟಗೆ ಹಿಡಿದುಕೊಂಡೆ. ಲಾರಿ ಸಿಕ್ಕಿತು.

ಅವಳಿಗೆ ಹೇಳಿದ ಮೇಲೆ ಈ ಪುಸ್ತಕಕ್ಕೆ ಮಾತ್ರ ಹತ್ತು ಸಾವಿರ ಎಂದು ಉಳಿಸುವುದು ಸರಿಯಲ್ಲ. ಆ ಸಾಲನ್ನು ಹೊಡೆದುಹಾಕಿದ್ದೇನೆ. ನಲವತ್ತಮೂರು ಸಾವಿರದ ಏಳುನೂರ ಅರವತ್ತು ರೂಪಾಯಿ.